ತಿರುಗದ ಲೆಗ್ ಸ್ಪಿನ್: ಕುಂಬ್ಳೆ ದಾರಿ ಹಿಡಿದ ನನ್ನ ಅನುಭವ

ಕಳೆದ ಎರಡು ಸೀಸನ್‌ನಲ್ಲಿ ನಮ್ಮ ತಂಡದಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದವನು ನಾನು. ಸ್ಕೋರ್ ಪುಸ್ತಕ ಎದುರಿಗಿಲ್ಲ. ನೆನಪಿನ ಮೇಲೆ ಹೇಳುವುದಾದರೆ ಎರಡೂ ಸೇರಿ ಎಪ್ಪತ್ತರ ಆಸುಪಾಸು, ಓವರಿಗೆ ಮೂರು ರನ್ನಿನೊಳಗೆ. ವಯಸ್ಸು ಮೂವತ್ತು ದಾಟಿದೆ. ಲೆಗ್ ಸ್ಪಿನ್ (ಮಣಿಕಟ್ಟಿನಿಂದ ಚೆಂಡು ಸುತ್ತಿಸುವ ಬೌಲಿಂಗ್) ಶುರು ಮಾಡಿದ್ದು ಇಪ್ಪತ್ತಾರರ ಮೇಲೆ. ಅದಕ್ಕೂ ಮುಂಚೆ ಮೈಸೂರು ವಲಯದ ಲೀಗ್‌ನಲ್ಲಿ ಮೀಡಿಯಂ ಪೇಸ್ ಹಾಕುತ್ತಿದ್ದೆ. ಸೊಂಟ ಹಿಡಿದುಕೊಂಡು ಅದು ನಿಂತಾಗ ಎಲ್ಲರದೂ ಒಂದೇ ಮಾತು, ಬ್ಯಾಟಿಂಗ್ ಮೇಲೆ ಗಮನ ಕೊಡು ಅಂತ. "ಲೆಗ್ ಸ್ಪಿನ್ ಹತ್ತು-ಹನ್ನೆರಡನೇ ವಯಸ್ಸಿಗೆ ಕೈಗೆ ಹತ್ತಬೇಕು ಕಣೋ, ಈಗ ಬರಲ್ಲ" ಎಂದು ನಮ್ಮ ಕಡೆಯ ಹಿರಿಯ ಆಟಗಾರರೊಬ್ಬರು ಮೈದಾನದಲ್ಲಿ ಎಲ್ಲರೆದುರೇ ಹೇಳಿದ್ದರು. ಅವರ ತಮ್ಮನ ಮಗ ಈಗ ಭಾನುವಾರ ಬೆಳಿಗ್ಗೆ ನನ್ನ ಹತ್ತಿರ ಕಲಿಯಲು ಬರುತ್ತಾನೆ.

ಇನ್ನೂ ಮೂರ್ನಾಲ್ಕು ಜನ ಕೇಳಿದ್ದಾರೆ. ಅದಕ್ಕೇ ಒಮ್ಮೆ ಕೂತು ಬರೆದಿದ್ದೇನೆ. ಚೆಂಡು ಹಿಡಿಯುವುದು ಹೇಗೆ, ಗೂಗ್ಲಿ ಎಂದರೇನು ಇವೆಲ್ಲ ಇದರಲ್ಲಿಲ್ಲ. ಒಂದೆರಡು ಸೀಸನ್ ಚರ್ಮದ ಚೆಂಡಿನಲ್ಲಿ ಬೌಲ್ ಮಾಡಿದವರಿಗಾಗಿ ಬರೆದದ್ದು ಇದು.

ನಾನು ಮಾಡಿದ್ದು ಇಷ್ಟೇ. ಚೆಂಡನ್ನು ತಿರುಗಿಸುವ ಆಸೆ ಬಿಟ್ಟೆ, ಪುಟಿಸುವುದರ ಹಿಂದೆ ಬಿದ್ದೆ. ಅದಕ್ಕೆ ಪಠ್ಯಪುಸ್ತಕವಾಗಿ ಅನಿಲ್ ಕುಂಬ್ಳೆಯವರ ವೃತ್ತಿಜೀವನವನ್ನೇ ಇಟ್ಟುಕೊಂಡೆ. ಅವರ ಆ್ಯಕ್ಷನ್ ನಕಲು ಮಾಡುವುದು ಬೇರೆ, ಅವರು ಯಾವ ವರ್ಷ ಯಾವುದನ್ನು ಸೇರಿಸಿಕೊಂಡರು, ಯಾವುದನ್ನು ಬಿಟ್ಟರು ಎಂದು ನೋಡಿ ಅದೇ ಕ್ರಮದಲ್ಲಿ ಹೋಗುವುದು ಬೇರೆ. ನಾನು ಮಾಡಿದ್ದು ಎರಡನೆಯದು.

ಕುಂಬ್ಳೆ ಕೂಡ ಹುಡುಗನಾಗಿದ್ದಾಗ ಮಧ್ಯಮ ವೇಗದ ಬೌಲರ್. ಆರಡಿ ದಾಟಿದ ಎತ್ತರ, ವೇಗದ ಬೌಲರ್‌ನ ನೆಗೆತ, ಮೇಲಿನಿಂದ ಬರುವ ಕೈ, ಇವನ್ನೆಲ್ಲ ಹಾಗೇ ಉಳಿಸಿಕೊಂಡು ಅವರು ಲೆಗ್ ಸ್ಪಿನ್ನರ್ ಆದರು. 1990ರ ಆಗಸ್ಟ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಟೆಸ್ಟ್. ಆಮೇಲೆ ತಂಡದಿಂದ ಹೊರಗೆ. 1992ರ ಇರಾನಿ ಟ್ರೋಫಿಯಲ್ಲಿ ಒಂದೇ ಪಂದ್ಯದಲ್ಲಿ 13 ವಿಕೆಟ್ ತೆಗೆದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಕರೆ ಬಂತು, ಜೊಹಾನ್ಸ್‌ಬರ್ಗ್‌ನಲ್ಲಿ 53 ರನ್ನಿಗೆ 6. 1993ರಲ್ಲಿ ಇಂಗ್ಲೆಂಡ್ ನಮ್ಮಲ್ಲಿಗೆ ಬಂದಾಗ ಮೂರು ಟೆಸ್ಟ್‌ಗಳಲ್ಲಿ 21. ಆಗಲೂ ಜನ "ಇವನದು ತಿರುಗಲ್ಲ" ಎನ್ನುತ್ತಿದ್ದರು. 132 ಟೆಸ್ಟ್ ಆಡಿ 619 ವಿಕೆಟ್ ತೆಗೆದು 2008ರಲ್ಲಿ ಮುಗಿಸುವವರೆಗೂ ಆ ಮಾತು ನಿಲ್ಲಲಿಲ್ಲ. ನನಗೆ ಮುಖ್ಯ ಅನ್ನಿಸಿದ್ದು 619 ಅಲ್ಲ, 2.69. ಅಷ್ಟು ವರ್ಷ, ನಲವತ್ತು ಸಾವಿರಕ್ಕೂ ಹೆಚ್ಚು ಚೆಂಡು, ಅದರಲ್ಲಿ ಓವರಿಗೆ ಕೊಟ್ಟದ್ದು 2.69 ರನ್. ಲೆಗ್ ಸ್ಪಿನ್ನರ್‌ಗಳಲ್ಲಿ ಇದು ದೊಡ್ಡ ವಿಷಯ. ಲೀಗ್‌ನಲ್ಲಿ ಲೆಗ್ ಸ್ಪಿನ್ನರ್ ಕೈಗೆ ಕ್ಯಾಪ್ಟನ್ ಚೆಂಡು ಕೊಡಲು ಹೆದರುವುದು ಓವರಿಗೊಂದು ಫುಲ್‌ಟಾಸ್, ಒಂದು ಅರ್ಧ ಪಿಚ್ ಚೆಂಡು ಬೀಳುತ್ತದೆ ಎಂದೇ. ಅವೆರಡನ್ನೂ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ.

ಈ ತೀರ್ಮಾನಕ್ಕೆ ಬರುವ ಮೊದಲು ದುಡ್ಡು ಸಾಕಷ್ಟು ಹೋಗಿದೆ. ಒಂದು ಬೇಸಿಗೆ ಕ್ಯಾಂಪಿಗೆ ಹದಿನೈದು ಸಾವಿರದ ಹತ್ತಿರ ಕಟ್ಟಿದೆ, ಹೆಸರು ಬೇಡ. ಅಲ್ಲಿ ಮೊದಲ ದಿನದಿಂದ ನನ್ನ ರನ್‌ಅಪ್ ಕತ್ತರಿಸಿ ನಾಲ್ಕು ಹೆಜ್ಜೆಗೆ ಇಳಿಸಿದರು. ನೆಗೆತ ಬೇಡ, ಕೈ ಪಕ್ಕದಿಂದ ಬರಲಿ, ಚೆಂಡು ಗಾಳಿಯಲ್ಲಿ ತೇಲಲಿ ಎಂದರು. ತೇಲಿತು ನಿಜ, ತಿರುಗಿಯೂ ತಿರುಗಿತು. ಅದನ್ನು ತಗೊಂಡು ಮ್ಯಾಚಿಗೆ ಹೋದರೆ ಐದು ಓವರಿಗೆ ನಲವತ್ತು, ಮುಂದಿನ ಮ್ಯಾಚಲ್ಲಿ ನಾಲ್ಕಕ್ಕೆ ಮೂವತ್ತೈದು. ಇಪ್ಪತ್ತಾರು ವರ್ಷದ ತನಕ ವೇಗವಾಗಿ ಓಡಿ ಬಂದು ಹಾಕಿದ ಮೈಗೆ ನಿಧಾನದ ಲಯ ಹಿಡಿಸಲಿಲ್ಲ. ಪಾದ ಎಲ್ಲಿ ಊರಬೇಕೋ ಅಲ್ಲಿ ಊರುತ್ತಿರಲಿಲ್ಲ, ಅದರಿಂದ ಲೆಂಗ್ತ್ ಸಿಗುತ್ತಿರಲಿಲ್ಲ. ಆ ಇಡೀ ಸೀಸನ್ ಫೈನ್ ಲೆಗ್‌ನಲ್ಲೇ ಕಳೆಯಿತು.

ಆಮೇಲೆ ನನ್ನ ಹಳೆಯ ರನ್‌ಅಪ್ಪನ್ನೇ ಸ್ವಲ್ಪ ಮೊಟಕು ಮಾಡಿ, ಹತ್ತು ಹೆಜ್ಜೆ ಇಟ್ಟುಕೊಂಡು, ಕೊನೆಯ ನೆಗೆತವನ್ನು ಹಾಗೇ ಬಿಟ್ಟು ಶುರು ಮಾಡಿದೆ. ಬೆಳಿಗ್ಗೆ ಐದೂವರೆಗೆ, ಕೆಲಸಕ್ಕೆ ಹೋಗುವ ಮೊದಲು, ಕಾಂಕ್ರೀಟ್ ಮೇಲೆ ಹಾಸಿದ ಹಳೆ ಮ್ಯಾಟ್ ಮೇಲೆ, ಒಬ್ಬನೇ.

ಮೊದಲು ಕೈ ಹಾಕಿದ್ದು ವೇಗಕ್ಕೆ. ಸ್ಪೀಡ್ ಗನ್ ನಮ್ಮಂಥವರಿಗೆಲ್ಲಿ! ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಇದ್ದರೆ ಸಾಕು. ಆರು ನೂರು ರೂಪಾಯಿಯ ಟ್ರೈಪಾಡ್ ತಗೊಂಡು ಪಿಚ್ಚಿನ ಪಕ್ಕದಲ್ಲಿ ನಿಲ್ಲಿಸಿ. ಕೈಯಿಂದ ಚೆಂಡು ಬಿಟ್ಟ ಫ್ರೇಮಿನಿಂದ ಸ್ಟಂಪಿಗೆ ಬಡಿದ ಫ್ರೇಮಿನವರೆಗೆ ಎಣಿಸಿ. ಪಿಚ್ಚಿನ ಉದ್ದ 20.12 ಮೀಟರ್, ಅದರಲ್ಲಿ ನಾವು ಮುಂದೆ ಬಂದು ಬಿಡುವ ದೂರ ಕಳೆದರೆ ಹತ್ತಿರ ಹತ್ತಿರ 19 ಮೀಟರ್. ಕ್ಯಾಂಪಿನಲ್ಲಿ ಕಲಿತ ಚೆಂಡು 250 ಫ್ರೇಮ್ ತಗೊಳ್ಳುತ್ತಿತ್ತು, ಅಂದರೆ ಸರಾಸರಿ ಗಂಟೆಗೆ 65 ಕಿಲೋಮೀಟರ್. ನೆಗೆತ ವಾಪಸ್ ಬಂದ ಮೇಲೆ 205ರ ಸುತ್ತ ನಿಂತಿತು, ಅಂದರೆ 80. ಇದು ದಾರಿಯುದ್ದಕ್ಕೂ ಸರಾಸರಿ, ಕೈಯಿಂದ ಹೊರಡುವಾಗ ಇನ್ನೂ ಜಾಸ್ತಿ ಇರುತ್ತದೆ. ಈ 45 ಫ್ರೇಮ್ ವ್ಯತ್ಯಾಸವೇ ಬ್ಯಾಟರ್ ಹಿಂದಕ್ಕೆ ಹೋಗಿ ಆಡುವ ಸಮಯವನ್ನು ಕಿತ್ತುಕೊಳ್ಳುವುದು. 190ಕ್ಕೂ ಇಳಿಸಿ ನೋಡಿದೆ. ಬರೀ ವೇಗ ಬಂತು, ಮಣಿಕಟ್ಟು ಕೆಲಸ ಮಾಡುವುದನ್ನೇ ಬಿಟ್ಟಿತು, ಚೆಂಡು ಸುಮ್ಮನೆ ಜಾರಿಕೊಂಡು ಹೋಯಿತು. 200ರಿಂದ 210ರ ನಡುವೆ ನನ್ನ ಜಾಗ. ನಿಮ್ಮದು ಬೇರೆ ಇರಬಹುದು, ಅಳೆದುಕೊಳ್ಳಿ.

ಎರಡನೆಯದು ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವ ಹಾಗೆ ಸುತ್ತುವುದು. ಹಳೆ ಚೆಂಡಿನ ಅರ್ಧಕ್ಕೆ ಬಿಳಿ ಪೇಂಟ್ ಬಳಿದರೆ ಯಾವ ಕಡೆ ಸುತ್ತುತ್ತಿದೆ ಎಂದು ಅದೇ ವಿಡಿಯೋದಲ್ಲಿ ಕಾಣುತ್ತದೆ. ಲೆಗ್ ಬ್ರೇಕ್ ಎಂದುಕೊಂಡು ನಾನು ಹಾಕುತ್ತಿದ್ದದ್ದು ಪೂರ್ತಿ ಅಡ್ಡಕ್ಕೆ ಸುತ್ತುತ್ತಿತ್ತು. ಸೀಮ್ ಎರಡನೇ ಸ್ಲಿಪ್ ಕಡೆ ನೋಡುವ ಹಾಗೆ ಮಣಿಕಟ್ಟನ್ನು ಸ್ವಲ್ಪ ಮುಂದಕ್ಕೆ ತಂದೆ. ಅಷ್ಟರಿಂದಲೇ ಚೆಂಡು ಬ್ಯಾಟರ್ ಎಣಿಸಿದ್ದಕ್ಕಿಂತ ಒಂದು ಅಡಿ ಮೊದಲೇ ಬೀಳತೊಡಗಿತು, ಬಿದ್ದ ಮೇಲೆ ಬ್ಯಾಟಿನ ಮೇಲ್ಭಾಗಕ್ಕೆ, ಕೈಗವಸಿಗೆ ಬರತೊಡಗಿತು. ತಿರುವು ಮೂರು ಬೆರಳಿನಷ್ಟು, ಅಷ್ಟೇ. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು. ನಡುವಿನಿಂದ ಅಂಚಿಗೆ ಹೋಗಲು ಎರಡು ಇಂಚು ಸಾಕು. ಅದಕ್ಕಿಂತ ಹೆಚ್ಚು ತಿರುಗಿದ್ದು ಕೀಪರ್‌ಗೆ ಹೋಗುತ್ತದೆ, ನೋಡುವವರು ಆಹಾ ಎನ್ನುತ್ತಾರೆ, ಸ್ಕೋರ್ ಪುಸ್ತಕದಲ್ಲಿ ಏನೂ ಬೀಳುವುದಿಲ್ಲ.

1999ರ ಫೆಬ್ರವರಿ 7ರ ದೆಹಲಿ ಇನಿಂಗ್ಸನ್ನು ನಾನು ಎಷ್ಟು ಸಲ ನೋಡಿದ್ದೇನೋ! ಪಾಕಿಸ್ತಾನಕ್ಕೆ 420 ಗುರಿ, ವಿಕೆಟ್ ಬೀಳದೆ 101. ಅಲ್ಲಿಂದ 207ಕ್ಕೆ ಎಲ್ಲರೂ ಔಟ್, ಕುಂಬ್ಳೆ 26.3 ಓವರ್‌ಗಳಲ್ಲಿ 74ಕ್ಕೆ 10. ಜಿಮ್ ಲೇಕರ್ 1956ರಲ್ಲಿ ಮಾಡಿದ ಮೇಲೆ ಟೆಸ್ಟ್‌ನಲ್ಲಿ ಅದೇ ಎರಡನೆಯದು. ಹತ್ತೂ ಹೇಗೆ ಬಿದ್ದವೆಂದು ಒಂದು ಹಾಳೆಯಲ್ಲಿ ಬರೆದುಕೊಂಡೆ. ಎಲ್‌ಬಿ (ಸ್ಟಂಪಿಗೆ ಹೋಗುವ ಚೆಂಡು ಕಾಲಿಗೆ ಬಡಿದು ಔಟ್) ಮೂರು, ಇಜಾಜ್, ಯೂಸುಫ್, ಸಕ್ಲೇನ್. ಬೌಲ್ಡ್ ಎರಡು, ಇಂಜಮಾಮ್ ಮತ್ತು ಸಲೀಂ ಮಲಿಕ್. ಉಳಿದ ಐದೂ ಕ್ಯಾಚ್: ಕೀಪರ್ ಮೊಂಗಿಯಾ, ಗಂಗೂಲಿ, ದ್ರಾವಿಡ್, ಲಕ್ಷ್ಮಣ್‌ಗೆ ಎರಡು. ಬೌಂಡರಿಯಲ್ಲಿ ಹಿಡಿದದ್ದು ಒಂದೂ ಇಲ್ಲ. ಇದನ್ನು ನೋಡಿದ ಮೇಲೆ ಲೀಗ್‌ನಲ್ಲಿ ಲೆಗ್ ಸ್ಪಿನ್ನರ್‌ಗೆ ಅಂತ ಲಾಂಗ್ ಆನ್, ಡೀಪ್ ಮಿಡ್‌ವಿಕೆಟ್, ಕೌ ಕಾರ್ನರ್ ಎಂದು ಫೀಲ್ಡ್ ಹರಡುವ ಅಭ್ಯಾಸವನ್ನೇ ನನ್ನ ಮಟ್ಟಿಗೆ ಕೈಬಿಟ್ಟೆ.

ಆದರೆ ಹತ್ತಿರದ ಫೀಲ್ಡಿಂಗ್ ಎಂದರೆ ಜನ ಬೇಕು, ಸಾಮಾನು ಬೇಕು. ನಮ್ಮ ತಂಡದಲ್ಲಿ ಶಾರ್ಟ್ ಲೆಗ್‌ಗೆ, ಅಂದರೆ ಬ್ಯಾಟರ್ ಪಕ್ಕದಲ್ಲೇ, ನಿಲ್ಲಲು ಯಾರೂ ಒಪ್ಪಲಿಲ್ಲ. "ನಿನ್ನ ಒಂದು ಶಾರ್ಟ್ ಬಾಲ್‌ಗೆ ನನ್ನ ಹಲ್ಲು ಹೋಗುತ್ತೆ ಮಗಾ" ಎಂದ ಒಬ್ಬ. ಎರಡೂವರೆ ಸಾವಿರ ಕೊಟ್ಟು ಗ್ರಿಲ್ ಇರುವ ಹೆಲ್ಮೆಟ್, ಶಿನ್ ಗಾರ್ಡ್ ನಾನೇ ತಂದುಕೊಟ್ಟೆ. ನಮ್ಮ ಓಪನರ್ ಹುಡುಗನೊಬ್ಬ ಒಪ್ಪಿಕೊಂಡ. ಪ್ರತಿ ಪ್ರಾಕ್ಟೀಸಿನಲ್ಲೂ ಅವನಿಗೆ ಅರ್ಧ ಗಂಟೆ ಟೆನಿಸ್ ಚೆಂಡಿನಲ್ಲಿ ಕ್ಯಾಚ್ ಹೊಡೆದೆ. ನನ್ನ ವಿಕೆಟ್‌ಗಳಲ್ಲಿ ಐದಕ್ಕೊಂದು ಅವನ ಕೈಯಲ್ಲಿದೆ. ನನ್ನ ಜತೆಗೆ ಹೊಗಳಿಕೆ ಅವನಿಗೂ ಸಲ್ಲಬೇಕು.

ಕೀಪರ್ ವಿಷಯ ಇನ್ನೂ ಕಷ್ಟದ್ದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. 80ರ ವೇಗದಲ್ಲಿ ಬಂದು ಎದೆಯ ಮಟ್ಟಕ್ಕೆ ಪುಟಿಯುವ ಚೆಂಡಿಗೆ ಸ್ಟಂಪ್ ಪಕ್ಕದಲ್ಲೇ ನಿಲ್ಲುವುದು ಸುಲಭವಲ್ಲ. ಶುರುವಿನ ಮ್ಯಾಚ್‌ಗಳಲ್ಲಿ ಬೈ ರನ್ ಹದಿನೈದು, ಇಪ್ಪತ್ತು. ಹಿಂದೆ ನಿಂತು ಹಿಡಿಯುತ್ತೇನೆ ಎಂದ ನಮ್ಮ ಕೀಪರ್. ಹಿಂದೆ ನಿಂತರೆ ಬ್ಯಾಟರ್ ಕ್ರೀಸ್ ಬಿಟ್ಟು ಎರಡು ಅಡಿ ಮುಂದೆ ನಿಲ್ಲುತ್ತಾನೆ, ನನ್ನ ಲೆಂಗ್ತ್ ಕೆಡುತ್ತದೆ. ಅವನೂ ನಾನೂ ಇಬ್ಬರೇ ಭಾನುವಾರ ಸಂಜೆ ಬರತೊಡಗಿದೆವು. ಬ್ಯಾಟರ್ ಇಲ್ಲ, ಸ್ಟಂಪ್ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಅವನ ಕಣ್ಣಿಗೆ ಚೆಂಡು ಮರೆಯಾಗಲಿ ಎಂದು. ಚೆಂಡು ಬಿದ್ದ ಮೇಲಷ್ಟೇ ಏಳಬೇಕು ಎಂಬುದು ಅವನ ಮಂಡಿಗೆ ಹತ್ತಲು ಒಂದು ಇಡೀ ಮಳೆಗಾಲ ಬೇಕಾಯಿತು. ನಮ್ಮಿಬ್ಬರ ನಡುವೆ ಗೂಗ್ಲಿಗೆ (ಉಲ್ಟಾ ದಿಕ್ಕಿಗೆ ತಿರುಗುವ ಚೆಂಡಿಗೆ) ಒಂದು ಸನ್ನೆ ಇದೆ. ಅದನ್ನು ಬರೆಯುವುದಿಲ್ಲ, ನಮ್ಮ ಎದುರಾಳಿಗಳೂ ಓದುತ್ತಾರೆ.

ಮ್ಯಾಟ್ ಬಗ್ಗೆ ಒಂದು ಮಾತು. ಚಂದ್ರಶೇಖರ್, ಪ್ರಸನ್ನ ಕಾಲದಿಂದ ನಮ್ಮ ಕಡೆಯ ಸ್ಪಿನ್ನರ್‌ಗಳು ಬೆಳೆದದ್ದು ತೆಂಗಿನ ನಾರಿನ ಮ್ಯಾಟ್ ಮೇಲೆ. ಮ್ಯಾಟ್ ಬಿಗಿಯಾಗಿ ಎಳೆದು ಮೊಳೆ ಹೊಡೆದಿದ್ದರೆ ಪುಟಿತ ಜಾಸ್ತಿ, ಸಡಿಲ ಇದ್ದರೆ ಚೆಂಡು ಹಿಡಿದುಕೊಂಡು ನಿಧಾನವಾಗಿ ತಿರುಗುತ್ತದೆ. ಟಾಪ್‌ಸ್ಪಿನ್ ಹಾಕುವವನು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಹೋಗಿ ಮ್ಯಾಟ್ ಎಳೆಯುವವರ ಜತೆ ತಾನೂ ಕೈಹಾಕಬೇಕು. ನಾನು ಹಾಗೆ ಹೋಗುತ್ತೇನೆ, ಕಾಲಲ್ಲಿ ಒತ್ತಿ ನೋಡಿ ಎಲ್ಲಿ ಟೊಳ್ಳಿದೆ ಎಂದು ಗುರುತು ಮಾಡಿಕೊಳ್ಳುತ್ತೇನೆ.

ಚಂದ್ರಶೇಖರ್ ಹೆಸರು ಬಂದ ಮೇಲೆ, ಅವರ ದಾರಿಯಲ್ಲೂ ಒಂದಷ್ಟು ದೂರ ಹೋಗಿ ನೋಡಿದೆ. ನಮ್ಮೂರಿನವರು, ಮನಸ್ಸು ಕೇಳುವುದಿಲ್ಲ. ಬಾಲ್ಯದಲ್ಲಿ ಪೋಲಿಯೊ ತಗುಲಿ ಸಣಕಲಾದ ಬಲಗೈಯಲ್ಲೇ ಬೌಲ್ ಮಾಡಿ, ಚೆಂಡು ಎಸೆಯುವುದನ್ನು ಎಡಗೈಯಲ್ಲಿ ಮಾಡುತ್ತಿದ್ದವರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಗಳಿಸಿದ ರನ್ 167. 1971ರಲ್ಲಿ ಓವಲ್‌ನಲ್ಲಿ 38ಕ್ಕೆ 6 ತೆಗೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದು, ನಮಗೆ ಅಲ್ಲಿ ಮೊದಲ ಸರಣಿ ಗೆಲುವು ತಂದದ್ದು ಎಲ್ಲರಿಗೂ ಗೊತ್ತು. ಅಂದು ಜಾನ್ ಎಡ್ರಿಚ್‌ಗೆ ಗೂಗ್ಲಿ ಹಾಕಲು ಹೊರಟಿದ್ದಾಗ ದಿಲೀಪ್ ಸರ್ದೇಸಾಯಿ "ಮಿಲ್ ರೀಫ್" ಎಂದು ಕೂಗಿದರಂತೆ. ಅದು ಆಗ ಓಡುತ್ತಿದ್ದ ರೇಸ್ ಕುದುರೆಯ ಹೆಸರು, ವೇಗದ ಚೆಂಡು ಹಾಕು ಎಂಬ ಸೂಚನೆ. ಎಡ್ರಿಚ್ ಬ್ಯಾಟು ಇಳಿಸುವಷ್ಟರಲ್ಲಿ ಸ್ಟಂಪ್ ಹೋಗಿತ್ತು. ಆ ಚಾಟಿಯ ಹಾಗೆ ಬರುವ ಕೈಯನ್ನು ನಾನೂ ತರಲು ಎರಡು ತಿಂಗಳು ಹೆಣಗಿದೆ. ಮೊಣಕೈ ನೋವು ಬಂತು, ವೇಗ ಬರಲಿಲ್ಲ. ಆ ಕೈ ಅವರೊಬ್ಬರದೇ. ಅದರಿಂದ ಉಳಿಸಿಕೊಂಡದ್ದು ಓವರಿಗೊಮ್ಮೆ ತೀರಾ ವೇಗದ ಚೆಂಡನ್ನು ನೇರ ಕಾಲಿಗೆ ಹಾಕುವ ಧೈರ್ಯ ಮಾತ್ರ.

ಇನ್ನೊಂದು ಅಡ್ಡ ಪ್ರಯೋಗ ವೆಂಕಟೇಶ್ ಪ್ರಸಾದ್ ಅವರ ಲೆಗ್ ಕಟರ್. 1996ರಲ್ಲಿ ಡರ್ಬನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ ಐದೈದು ತೆಗೆದಾಗ ಅವರ ಬೆರಳು ಚೆಂಡಿನ ಮೇಲೆ ಹೇಗೆ ಜಾರುತ್ತದೆ ನೋಡಿ. ಮೀಡಿಯಂ ಪೇಸ್ ಬಿಟ್ಟವನಿಗೆ ಇದು ಉಚಿತವಾಗಿ ಸಿಗುವ ಚೆಂಡು. ಅದೇ ರನ್‌ಅಪ್, ಅದೇ ನೆಗೆತ, ಮಣಿಕಟ್ಟಿನ ಬದಲು ಬೆರಳು. ಮಳೆ ಬಂದು ಚೆಂಡು ಒದ್ದೆಯಾಗಿ ಮಣಿಕಟ್ಟಿನ ಸ್ಪಿನ್ ಹಿಡಿತಕ್ಕೆ ಸಿಗದ ದಿನ ಇದರಿಂದಲೇ ಎಂಟು ಓವರ್ ಹಾಕಿದ್ದೇನೆ. ಎರಡೋ ಮೂರೋ ವಿಕೆಟ್ ಸಿಕ್ಕವು. ಒದ್ದೆ ಚೆಂಡಿನ ಅಭ್ಯಾಸಕ್ಕೆ ಹಳೆ ಚೆಂಡುಗಳನ್ನು ಬಕೆಟ್ ನೀರಿನಲ್ಲಿ ನೆನೆಸಿ ಹಾಕಿದೆ. ಅದು ದಂಡ. ನೀರು ಕುಡಿದ ಚೆಂಡಿನ ತೂಕವೇ ಬದಲಾಗುತ್ತದೆ, ಇಬ್ಬನಿಯ ಚೆಂಡಿನ ಹಾಗಿರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡರೆ ಸಾಕು.

ಭುಜದ ವಿಷಯಕ್ಕೆ ಬರುತ್ತೇನೆ. ವೇಗದ ಲೆಗ್ ಸ್ಪಿನ್ ಭುಜ ತಿನ್ನುತ್ತದೆ. ಕುಂಬ್ಳೆಯವರಿಗೇ ಭುಜದ ಶಸ್ತ್ರಚಿಕಿತ್ಸೆ ಆಗಿ 2001ರ ಆಸ್ಟ್ರೇಲಿಯಾ ಸರಣಿ ಪೂರ್ತಿ ತಪ್ಪಿತು. ಅದೇ ಸರಣಿಯಲ್ಲಿ ಹರ್ಭಜನ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ತೆಗೆದರು. ಕುಂಬ್ಳೆ ಮುಗಿದರು ಎಂದು ಆಗ ಬರೆಯದ ಪೇಪರ್ ಇರಲಿಲ್ಲ. ನಾನು ದಿನಕ್ಕೆ ಹದಿನೈದು ಓವರ್ ಲೆಕ್ಕದಲ್ಲಿ ಶುರು ಮಾಡಿದ್ದೆ. ಎರಡನೇ ತಿಂಗಳಿಗೆ ರಾತ್ರಿ ಆ ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಫಿಸಿಯೋಗೆ ಸಲಕ್ಕೆ ಐನೂರರಂತೆ ಏಳೆಂಟು ಸಾವಿರ ಹೋಯಿತು. ಅವರು ಕೊಟ್ಟದ್ದು ರಬ್ಬರ್ ಬ್ಯಾಂಡ್‌ನ ನಾಲ್ಕು ವ್ಯಾಯಾಮ, ದಿನಾ ಹತ್ತು ನಿಮಿಷ. ಅದನ್ನು ಈಗಲೂ ಬಿಟ್ಟಿಲ್ಲ. ದಿನಕ್ಕೆ ಎಂಟು ಓವರ್, ವಾರಕ್ಕೆ ನಾಲ್ಕೇ ದಿನ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಓವರ್ ಕಡಿಮೆಯಾದ ಮೇಲೆಯೇ ಲೆಂಗ್ತ್ ಸುಧಾರಿಸಿತು. ಗುಡ್ ಲೆಂಗ್ತಿನಲ್ಲಿ ಒಂದು ನ್ಯೂಸ್ ಪೇಪರ್ ಅಗಲದ ಜಾಗಕ್ಕೆ ಟೇಪ್ ಹಚ್ಚಿ, ಎಂಟು ಓವರಿನಲ್ಲಿ ಎಷ್ಟು ಅದರೊಳಗೆ ಬಿತ್ತು ಎಂದು ಗೋಡೆಯ ಮೇಲೆ ಬರೆಯುತ್ತಿದ್ದೆ. ಶುರುವಿನಲ್ಲಿ ಹತ್ತು ಹನ್ನೆರಡು, ಎರಡನೇ ವರ್ಷದ ಕೊನೆಗೆ ಮೂವತ್ತರ ಮೇಲೆ.

ಮ್ಯಾಟ್ ಮೇಲೆ ಕೆಲಸ ಮಾಡಿದ್ದು ಟರ್ಫ್ (ಮಣ್ಣು-ಹುಲ್ಲಿನ ಪಿಚ್) ಮೇಲೆ ಹಾಗೇ ನಡೆಯಲಿಲ್ಲ. ಬೆಂಗಳೂರಿಗೆ ಡಿವಿಷನ್ ಲೀಗ್ ಆಡಲು ಹೋಗತೊಡಗಿದಾಗ ಮೊದಲ ಕೆಲವು ಮ್ಯಾಚ್ ಒಂದೂ ವಿಕೆಟ್ ಇಲ್ಲ. ಮುಂಜಾನೆ ರೈಲು, ಅಲ್ಲಿಂದ ಆಟೋ, ಊಟ, ವಾಪಸ್, ಎಲ್ಲ ಸೇರಿ ಒಂದು ಮ್ಯಾಚಿಗೆ ಏಳೆಂಟು ನೂರು ಕೈಯಿಂದ. ಮ್ಯಾಚ್ ಫೀಸ್ ಎಂಬುದು ನಮ್ಮ ಮಟ್ಟದಲ್ಲಿ ಇಲ್ಲ. ಮನೆಯಲ್ಲಿ "ದುಡ್ಡು ಕೊಟ್ಟು ಬಿಸಿಲಲ್ಲಿ ನಿಂತು ಬರ್ತೀಯಲ್ಲಪ್ಪ" ಎಂದು ಅಮ್ಮ ನೊಂದುಕೊಂಡದ್ದುಂಟು. ಟರ್ಫ್‌ನಲ್ಲಿ ಪುಟಿತ ಕಡಿಮೆ. ಮ್ಯಾಟ್ ಮೇಲಿನ ನನ್ನ ಲೆಂಗ್ತ್ ಅಲ್ಲಿ ಶಾರ್ಟ್ ಆಗುತ್ತಿತ್ತು, ಆರಾಮಾಗಿ ಪುಲ್ ಮಾಡುತ್ತಿದ್ದರು. ಎರಡೂವರೆ ಮೂರು ಅಡಿ ಮುಂದಕ್ಕೆ ಹಾಕತೊಡಗಿದೆ, ಸ್ಟಂಪ್‌ನಿಂದ ಸ್ಟಂಪಿಗೆ. ತಪ್ಪಿದರೆ ಪ್ಯಾಡು, ಪ್ಯಾಡೂ ತಪ್ಪಿದರೆ ಸ್ಟಂಪು.

ಅಲ್ಲಿ ಇನ್ನೊಂದು ತೊಡಕು ಅಂಪೈರು. ಲೆಗ್ ಸ್ಪಿನ್ನರ್ ಎಂದ ಕೂಡಲೇ "ತಿರುಗಿ ಹೊರಗೆ ಹೋಗುತ್ತಿತ್ತು" ಎಂದು ಎಲ್‌ಬಿ ಕೊಡುವುದಿಲ್ಲ. ಕುಂಬ್ಳೆಯವರ 619ರಲ್ಲಿ ನೂರೈವತ್ತಕ್ಕೂ ಹೆಚ್ಚು ಎಲ್‌ಬಿ, ಅದೂ ಡಿಆರ್‌ಎಸ್ (ಅಂಪೈರ್ ತೀರ್ಪನ್ನು ವಿಡಿಯೋ ನೋಡಿ ಮರುಪರಿಶೀಲಿಸುವ ಪದ್ಧತಿ) ಇಲ್ಲದ ಕಾಲದಲ್ಲಿ. ಅದರ ಮೊದಲ ಪ್ರಯೋಗ ನಡೆದದ್ದು 2008ರ ಶ್ರೀಲಂಕಾ ಪ್ರವಾಸದಲ್ಲಿ, ಕುಂಬ್ಳೆ ನಾಯಕರಾಗಿದ್ದಾಗ, ಅವರು ನಿವೃತ್ತರಾಗುವ ಕೆಲವೇ ತಿಂಗಳ ಮುಂಚೆ. ಹತ್ತು ವರ್ಷ ಮೊದಲೇ ಬಂದಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತಿತ್ತೋ. ನಾನು ಮಾಡುವುದು ಇಷ್ಟು. ಮೊದಲ ಎರಡು ಓವರ್ ತಿರುಗುವ ಚೆಂಡೇ ಹಾಕುವುದಿಲ್ಲ. ಎಲ್ಲವೂ ನೇರ. ಇವನ ಚೆಂಡು ನೇರವಾಗಿಯೇ ಹೋಗುತ್ತದೆ ಎಂದು ಅಂಪೈರ್ ಕಣ್ಣಿಗೆ ಅಭ್ಯಾಸವಾಗಲಿ. ಮೂರನೇ ಓವರಿನಿಂದ ಕೇಳಲು ಶುರು ಮಾಡುತ್ತೇನೆ, ಅದೂ ಪ್ರತಿ ಚೆಂಡಿಗಲ್ಲ.

ಆ ನೇರ ಚೆಂಡಿಗೆ ಜೀವ ಕೊಟ್ಟದ್ದು ಫ್ಲಿಪ್ಪರ್, ಬಿದ್ದ ಮೇಲೆ ಬೇಗ ತಗ್ಗಿ ಜಾರುವ ಚೆಂಡು. 1993ರ ಹೀರೋ ಕಪ್ ಫೈನಲ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ವೆಸ್ಟ್ ಇಂಡೀಸ್‌ನ ಕೆಳ ಸರದಿ ಕುಂಬ್ಳೆಗೆ 12 ರನ್ನಿಗೆ 6 ವಿಕೆಟ್ ಕೊಟ್ಟು ಕುಸಿದದ್ದನ್ನು ನೋಡಿ, ಚೆಂಡು ಎಷ್ಟು ಬೇಗ, ಎಷ್ಟು ತಗ್ಗಿ ಬರುತ್ತದೆ ಎಂದು. ಏಕದಿನದಲ್ಲಿ ಭಾರತದ ಮಟ್ಟಿಗೆ ಆ ದಾಖಲೆಯನ್ನು 2014ರಲ್ಲಿ ಮೀರಿಸಿದ್ದೂ ನಮ್ಮ ಸ್ಟುವರ್ಟ್ ಬಿನ್ನಿಯೇ, 4ಕ್ಕೆ 6. ಫ್ಲಿಪ್ಪರ್ ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಚಿಟಿಕೆ ಹೊಡೆದ ಹಾಗೆ ಹೆಬ್ಬೆರಳಿನಿಂದ ಹಿಂಡಿ ಬಿಡಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ ಪೂರ್ತಿ ರನ್‌ಅಪ್‌ನಲ್ಲಿ ಬಂದು ಹಾಗೆ ಬಿಟ್ಟರೆ ಶುರುವಿನಲ್ಲಿ ಅರ್ಧ ಪಿಚ್ಚಿಗೆ ಬೀಳುತ್ತದೆ, ಇಲ್ಲವೇ ಬ್ಯಾಟರ್ ತಲೆಯ ಮೇಲೆ. ಮಲಗುವ ಮುಂಚೆ ಮಂಚದ ಮೇಲೆ ಅಂಗಾತ ಮಲಗಿ ಚಾವಣಿಯ ಕಡೆ ಚಿಟಿಕೆ ಹೊಡೆದು ಚೆಂಡು ಹಾರಿಸುವುದು, ಆಮೇಲೆ ನಿಂತಲ್ಲಿಂದ ಹತ್ತು ಗಜಕ್ಕೆ, ಆಮೇಲೆ ಹದಿನೈದಕ್ಕೆ, ಕೊನೆಗೆ ಪೂರ್ತಿ ಪಿಚ್ಚಿಗೆ. ಹೆಬ್ಬೆರಳಿನ ಉಗುರಿನ ಪಕ್ಕ ಸಿಪ್ಪೆ ಕಿತ್ತು ಬರುತ್ತಿತ್ತು. ಅದು ಒಂದು ದಿನ ಥಟ್ಟನೆ ಕೈಗೆ ಹತ್ತಲು ಕಾರಣ ನಾನು ಹೆಬ್ಬೆರಳನ್ನು ಸೀಮ್ ಬಿಟ್ಟು ಬೇರೆ ಕಡೆ ಇಟ್ಟದ್ದು. ಎಲ್ಲಿ ಎಂದು ಸದ್ಯಕ್ಕೆ ಕೇಳಬೇಡಿ. ಇನ್ನೊಂದೆರಡು ಸೀಸನ್ ಆಡುವ ಆಸೆ ಇದೆ. ಆಟ ಬಿಟ್ಟ ದಿನ ಕರೆದು ಹೇಳಿಕೊಡುತ್ತೇನೆ.

ಎರಡನೇ ಸೀಸನ್ ನಡುವೆ ಬ್ಯಾಟರ್‌ಗಳು ನನ್ನನ್ನು ಓದತೊಡಗಿದರು. ಎಲ್ಲವೂ ಒಂದೇ ವೇಗ ಎಂದು ಮುಂದಿನ ಕಾಲು ನೇರ ಇಟ್ಟು ತಡೆಯತೊಡಗಿದರು. ಇಲ್ಲೂ ದಾರಿ ಸಿಕ್ಕಿದ್ದು ಕುಂಬ್ಳೆಯವರ ಎರಡನೇ ಅಧ್ಯಾಯದಲ್ಲೇ. ಶಸ್ತ್ರಚಿಕಿತ್ಸೆಯ ನಂತರ ಬಂದ ಕುಂಬ್ಳೆ ಮೊದಲಿನವರಲ್ಲ. ವೇಗ ಇಳಿಸಿದರು, ನಿಧಾನದ ಗೂಗ್ಲಿಯನ್ನು ಧಾರಾಳವಾಗಿ ಬಳಸಿದರು, ಕ್ರೀಸಿನ ಅಗಲ ಬಳಸಿದರು. ಹೊರಗೆ ಹೋದರೆ ವಿಕೆಟ್ ಇಲ್ಲ ಎಂದು ಹೇಳಿಸಿಕೊಂಡವರು 2003-04ರಲ್ಲಿ ಆಸ್ಟ್ರೇಲಿಯಾದಲ್ಲಿ ಮೂರೇ ಟೆಸ್ಟ್‌ನಲ್ಲಿ 24 ತೆಗೆದರು, ಸಿಡ್ನಿ ಒಂದರಲ್ಲೇ 12. ಕೊನೆಯ ಲೆಕ್ಕದಲ್ಲಿ ನಮ್ಮ ನೆಲದಲ್ಲಿ 350, ಹೊರಗೆ 269. ಇದನ್ನು ನೋಡಿ ನಾನೂ 235 ಫ್ರೇಮಿನ ಒಂದು ಗೂಗ್ಲಿ ಮಾಡಿಕೊಂಡೆ. ರನ್‌ಅಪ್ ವೇಗ ಅದೇ, ಕೈ ವೇಗವೂ ನೋಡಲು ಅದೇ, ಚೆಂಡನ್ನು ಅಂಗೈಯೊಳಗೆ ಒಂದಿಷ್ಟು ಆಳಕ್ಕೆ ತಳ್ಳಿಕೊಳ್ಳುವುದಷ್ಟೇ ಬದಲಾವಣೆ. ಮೂರು ಓವರಿಗೊಮ್ಮೆ ಹಾಕುತ್ತೇನೆ. ಶಾರ್ಟ್ ಲೆಗ್ ಹುಡುಗನ ಕ್ಯಾಚ್‌ಗಳಲ್ಲಿ ಹೆಚ್ಚಿನವು ಇದರವೇ.

ಖರ್ಚು ಕೇಳುವವರಿಗೆ: ಕ್ಯಾಂಪಿನ ಹದಿನೈದು ಸಾವಿರ ಬಿಟ್ಟರೆ ಚೆಂಡೇ ದೊಡ್ಡ ಬಾಬ್ತು. ಅಭ್ಯಾಸಕ್ಕೆ ಮುನ್ನೂರು ರೂಪಾಯಿಯ ಮೀರತ್ ಚೆಂಡು ತರುತ್ತಿದ್ದೆ, ಎರಡು ವಾರಕ್ಕೆ ಸೀಮ್ ಚಪ್ಪಟೆ. ಎಂಟು ನೂರರ ಆಸುಪಾಸಿನ ಎಸ್‌ಜಿ ಚೆಂಡಿಗೆ ಬದಲಾಯಿಸಿದ ಮೇಲೆ ಒಂದೊಂದು ಎರಡು ತಿಂಗಳು ಬಂತು, ಬೆರಳಿಗೆ ಸೀಮ್ ಸಿಕ್ಕಿತು. ಅಗ್ಗದ ಚೆಂಡಿನಲ್ಲಿ ಮಣಿಕಟ್ಟಿನ ಸ್ಪಿನ್ ಕಲಿಯಲು ಹೋಗಬೇಡಿ. ಶೂ ಎರಡು ಜೊತೆ, ಹೆಲ್ಮೆಟ್, ಫಿಸಿಯೋ, ರೈಲು, ಎಲ್ಲ ಸೇರಿ ಮೂರು ವರ್ಷಕ್ಕೆ ಎಪ್ಪತ್ತು ಸಾವಿರ ದಾಟಿರಬಹುದು. ನೆಟ್ ಬಾಡಿಗೆ ಕೊಡಲಿಲ್ಲ, ಮುಂಜಾನೆ ಐದೂವರೆಗೆ ಬಂದರೆ ಯಾರೂ ಕೇಳುವುದಿಲ್ಲ.

2002ರಲ್ಲಿ ಆಂಟಿಗಾದಲ್ಲಿ ಕುಂಬ್ಳೆ ಒಡೆದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ವೆಸ್ಟ್ ಇಂಡೀಸ್‌ನ ಲಾರಾರನ್ನು ಎಲ್‌ಬಿ ಮಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ಅದು ಧೈರ್ಯದ ಮಾತು, ನನಗೆ ಅದರ ಮೇಲೆ ಅಪಾರ ಗೌರವ. ಆದರೆ ಬೌಲರ್ ಕಣ್ಣಿನಿಂದ ಇನ್ನೊಂದು ಸಲ ನೋಡಿ. ಲಾರಾ ಎಡಗೈ ಬ್ಯಾಟರ್. ಆ ಎಲ್‌ಬಿಯೇ ನನ್ನ ಈಗಿನ ಕೆಲಸ. ಎಡಗೈಯವರಿಗೆ ನನ್ನ ಟಾಪ್‌ಸ್ಪಿನ್ ಪುಟಿದು ಒಳಗೆ ಬರುತ್ತದೆ, ಮಿಡ್‌ವಿಕೆಟ್ ಕಡೆ ಸುಲಭವಾಗಿ ತಿರುಗಿಸಿ ಒಂದು ರನ್ ಓಡುತ್ತಾರೆ. ಕಳೆದ ಸೀಸನ್‌ನಲ್ಲಿ ನನ್ನ ಮೇಲೆ ಬಂದ ಎರಡು ಅರ್ಧ ಶತಕವೂ ಎಡಗೈಯವರದೇ. ಓವರ್ ದ ವಿಕೆಟ್‌ನಿಂದ ಗೂಗ್ಲಿ ಹಾಕಿ ಹೊರಗೆ ತೆಗೆದರೆ ಸ್ಲಿಪ್‌ಗೆ ಹೋಗುತ್ತದೆ, ಆದರೆ ಆರರಲ್ಲಿ ಎರಡು ಸಲ ಲೆಂಗ್ತ್ ತಪ್ಪುತ್ತಿದೆ. ರೌಂಡ್ ದ ವಿಕೆಟ್ ಬಂದು, ಕ್ರೀಸಿನ ತುದಿಯಿಂದ ಫ್ಲಿಪ್ಪರನ್ನು ಕಾಲಿಗೆ ಹಾಕುವುದನ್ನು ಜೂನ್‌ನಿಂದ ನೆಟ್ಸ್‌ನಲ್ಲಿ ಮಾಡುತ್ತಿದ್ದೇನೆ. ಎಡಗೈ ಬ್ಯಾಟರ್ ಸಿಗದ ದಿನ ನಮ್ಮ ಕೀಪರ್‌ನನ್ನೇ ಎಡಗೈಯಲ್ಲಿ ನಿಲ್ಲಿಸುತ್ತೇನೆ. ಮೈಸೂರು ಕಡೆ ಬೆಳಿಗ್ಗೆ ಬೇಗ ಏಳುವ ಎಡಗೈ ಬ್ಯಾಟರ್ ಯಾರಾದರೂ ಇದ್ದರೆ ಬನ್ನಿ, ಚೆಂಡು ನಾನು ತರುತ್ತೇನೆ.